ಕಾರಿನ ಹಿಂದಿನ ಚಕ್ರಕ್ಕೆ ಮಡ್ ಫ್ಲ್ಯಾಪ್: ಡ್ರಿಲ್ ಮಾಡದೆ ಹಾಕಿಸಲು ಆಗುತ್ತದಾ?

ಪೆರ್ಲದ ತೋಟದವ

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಹ್ಯಾಚ್‌ಬ್ಯಾಕ್. ಮುಂದಿನ ಚಕ್ರಗಳಿಗೆ ಕೆಸರು ತಡೆಯುವ ಫ್ಲ್ಯಾಪ್ ಇದೆ, ಹಿಂದಿನದಕ್ಕೆ ಇಲ್ಲ. ಮನೆಯಿಂದ ಡಾಮರು ರಸ್ತೆಗೆ ಬರುವವರೆಗೆ ಮುರಕಲ್ಲಿನ ಮಣ್ಣು ದಾರಿ. ಮಳೆ ಹಿಡಿಯಿತು ಅಂದರೆ ಬಂಪರ್, ಡಿಕ್ಕಿ ಬಾಗಿಲು, ನಂಬರ್ ಪ್ಲೇಟ್ ಎಲ್ಲ ಕೆಂಪು. ಅದು ಒಣಗಿದ ಮೇಲೆ ಬಟ್ಟೆಯಲ್ಲಿ ಒರೆಸಿದರೆ ಪೇಂಟಿನ ಮೇಲೆ ಗೀರು ಬೀಳುತ್ತದೆ.

ಪೇಟೆಯ ಆಕ್ಸೆಸರಿ ಅಂಗಡಿಯಲ್ಲಿ ಕೇಳಿದೆ. ಹತ್ತು ನಿಮಿಷದ ಕೆಲಸ, ತಗಡಿಗೆ ಎರಡೆರಡು ಸ್ಕ್ರೂ ಹೊಡೆದರೆ ಆಯಿತು ಅಂದರು. ತಗಡಿಗೆ ತೂತು ಕೊರೆಯಲು ನನಗೆ ಮನಸ್ಸು ಬರುತ್ತಿಲ್ಲ. ಡ್ರಿಲ್ ಇಲ್ಲದೆ ಕೂರಿಸಲು ಸಾಧ್ಯವಾ? ನೆಲದಿಂದ ಎಷ್ಟು ಎತ್ತರ ಬಿಡಬೇಕು? ಅಡಿಕೆ ಗೋಣಿ ಹೇರುವ ಕಾರು ಇದು, ಅದನ್ನೂ ನೆನಪಿಟ್ಟುಕೊಂಡು ಹೇಳಿ.

ಚೆರ್ಕಳ ರೋಡ್

ಹಿಂದಿನ ಫ್ಲ್ಯಾಪ್‌ನಿಂದ ಅಷ್ಟೇನೂ ಲಾಭ ಇಲ್ಲ ಅಂತ ನನ್ನ ಅಭಿಪ್ರಾಯ. ಮುಂದಿನದು ಬೇಕೇ ಬೇಕು. ಅದಿಲ್ಲದಿದ್ದರೆ ಬಾಗಿಲಿನ ಕೆಳಗಿನ ಅಂಚಿಗೆ ಕಲ್ಲು ಬಡಿದು ಪೇಂಟ್ ಏಳುತ್ತದೆ, ತುಕ್ಕು ಶುರುವಾಗುತ್ತದೆ. ಹಿಂದೆ ಇರುವುದು ಪ್ಲಾಸ್ಟಿಕ್ ಬಂಪರ್ ತಾನೆ? ತೊಳೆದರೆ ಆಯಿತು.

ಹಿಂದಿನ ಗಾಜಿನ ಕೆಸರೂ ಪೂರ್ತಿ ನಿಲ್ಲುವುದಿಲ್ಲ. ಹ್ಯಾಚ್‌ಬ್ಯಾಕ್‌ನ ಬೆನ್ನು ನೇರ ಇರುತ್ತದಲ್ಲ, ಓಡುವಾಗ ಅದರ ಹಿಂದೆ ಗಾಳಿ ಸುಳಿ ತಿರುಗಿ ಸಣ್ಣ ಹನಿಗಳನ್ನು ವಾಪಸ್ ಗಾಜಿಗೇ ತಂದು ಹಾಕುತ್ತದೆ. ಅದಕ್ಕೆ ವೈಪರೇ ಗತಿ.

ಉಪ್ಪಳದ ಬೈಕ್ ಸವಾರ

ಚೆರ್ಕಳದವರೇ, ನಿಮ್ಮ ಕಾರಿನ ಹಿಂದೆ ಬರುವವರನ್ನೂ ಸ್ವಲ್ಪ ಲೆಕ್ಕಕ್ಕೆ ತೆಗೆದುಕೊಳ್ಳಿ. ನಾನು ಉಪ್ಪಳದಿಂದ ಕಾಸರಗೋಡಿಗೆ ಬೈಕಿನಲ್ಲೇ ಕೆಲಸಕ್ಕೆ ಹೋಗುವವನು. ಹೆದ್ದಾರಿ 66ರ ಆರು ಪಥದ ಕಾಮಗಾರಿ ನಡೆಯುತ್ತಿದ್ದಾಗ ಸರ್ವಿಸ್ ರೋಡಿನಲ್ಲಿ ಮಳೆಗಾಲ ಕಳೆದದ್ದು ಹೇಗೆ ಅಂತ ನಮಗೇ ಗೊತ್ತು. ಫ್ಲ್ಯಾಪ್ ಇಲ್ಲದ ಕಾರು ಮುಂದೆ ಇದ್ದರೆ ಹೆಲ್ಮೆಟ್ಟಿನ ಗಾಜಿಗೆ ಕೆಂಪು ನೀರು ಬಂದು ಬಡಿಯುತ್ತದೆ. ಕೈಯಲ್ಲಿ ಒರೆಸಿದರೆ ಇನ್ನೂ ಹರಡುತ್ತದೆ. ಆ ಎರಡು ಮೂರು ಸೆಕೆಂಡು ಮುಂದೆ ಹೊಂಡ ಇದೆಯಾ, ಬ್ಯಾರಿಕೇಡ್ ಇದೆಯಾ, ಏನೂ ಕಾಣುವುದಿಲ್ಲ.

ಬರೀ ನೀರಾದರೆ ಸಹಿಸಬಹುದು. ಹೊಂಡ ಮುಚ್ಚಲು ಸುರಿದ ಜಲ್ಲಿ ಕಾರಿನ ಹಿಂದಿನ ಚಕ್ರದಿಂದ ಎದ್ದು ಬಂದು ನನ್ನ ಹೆಲ್ಮೆಟ್ ಗಾಜಿನಲ್ಲಿ ಬಿರುಕು ಬಿಡಿಸಿದ್ದಿದೆ. ಗಾಜು ಎತ್ತಿಕೊಂಡು ಓಡಿಸುತ್ತಿದ್ದರೆ ಕಣ್ಣಿಗೇ ಬೀಳುತ್ತಿತ್ತು. ಪೆರ್ಲದಣ್ಣ, ನೀವು ದಯವಿಟ್ಟು ಹಾಕಿಸಿ.

ನೀರ್ಚಾಲು ಮೇಷ್ಟ್ರು

ಬೈಕಿನವರು ಹೇಳಿದ್ದರ ಹಿಂದೆ ಒಳ್ಳೆಯ ಲೆಕ್ಕ ಉಂಟು. ಚಕ್ರ ಕಲ್ಲನ್ನು ಹಿಂದಕ್ಕೆ ಎಸೆಯುತ್ತದೆ ಅಂತ ನಾವು ತಿಳಿದಿರುತ್ತೇವೆ. ಚಕ್ರ ಜಾರದೆ ಉರುಳುತ್ತಿದ್ದರೆ ನಿಜವಾಗಿ ನಡೆಯುವುದು ಬೇರೆ. ರಸ್ತೆಗೆ ತಾಗಿಕೊಂಡ ಜಾಗದಲ್ಲಿ ಟೈರಿನ ವೇಗ ಸೊನ್ನೆ. ಅಲ್ಲಿಂದ ಮೇಲೇರುತ್ತಾ ಬಿಟ್ಟುಹೋದ ಕಲ್ಲು ರಸ್ತೆಯ ಲೆಕ್ಕದಲ್ಲಿ ನೋಡಿದರೆ ಮೇಲಕ್ಕೆ ಹಾರುತ್ತದೆ, ಸ್ವಲ್ಪ ಮುಂದಕ್ಕೂ ಹೋಗುತ್ತದೆ. ಹಿಂದೆ ಬರುವವರು ತಮ್ಮದೇ ವೇಗದಲ್ಲಿ ಹೋಗಿ ಅದಕ್ಕೆ ಬಡಿದುಕೊಳ್ಳುತ್ತಾರೆ. ಎರಡೂ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದು, ಟೈರು 40 ಡಿಗ್ರಿ ತಿರುಗುವಷ್ಟರಲ್ಲಿ ಕಲ್ಲು ಬಿಟ್ಟಿತು ಅಂತ ಇಟ್ಟುಕೊಳ್ಳಿ. ಕಲ್ಲು ಮೇಲಕ್ಕೆ ಹಾರುವ ವೇಗವನ್ನು ಬಿಟ್ಟು ನೋಡಿದರೂ ಬೈಕಿನವರ ಮುಖಕ್ಕೆ ಅದು ಗಂಟೆಗೆ ಸುಮಾರು 45 ಕಿ.ಮೀ. ವೇಗದಲ್ಲಿ ತಾಗುತ್ತದೆ.

ಫ್ಲ್ಯಾಪ್‌ನ ಉದ್ದದ ಪ್ರಶ್ನೆಗೂ ಇಲ್ಲೇ ಉತ್ತರ ಉಂಟು. ಟೈರಿನ ತ್ರಿಜ್ಯ 28 ಸೆಂ.ಮೀ., ಆ್ಯಕ್ಸೆಲ್‌ನಿಂದ 33 ಸೆಂ.ಮೀ. ಹಿಂದೆ ಫ್ಲ್ಯಾಪ್ ತೂಗುತ್ತಿದೆ ಅಂತ ಹಿಡಿಯಿರಿ. ಅದರ ತುದಿ ನೆಲದಿಂದ 20 ಸೆಂ.ಮೀ. ಮೇಲಿದ್ದರೆ ಸುಮಾರು 40 ಡಿಗ್ರಿವರೆಗೆ ಏಳುವ ಎಲ್ಲವೂ ಕೆಳಗಿಂದ ತಪ್ಪಿಸಿಕೊಳ್ಳುತ್ತದೆ. ತುದಿಯನ್ನು 12 ಸೆಂ.ಮೀ.ಗೆ ಇಳಿಸಿದರೆ 25 ಡಿಗ್ರಿಗಿಂತ ಕಡಿಮೆಯದು ಮಾತ್ರ ತಪ್ಪಿಸಿಕೊಳ್ಳುತ್ತದೆ. ಪೂರ್ತಿ ತಡೆಯಲು ಯಾವ ಫ್ಲ್ಯಾಪ್‌ಗೂ ಆಗುವುದಿಲ್ಲ. ಆದರೆ ಈ ಎಂಟು ಸೆಂ.ಮೀ.ಗೆ ಬಹಳ ಬೆಲೆ ಇದೆ.

ಅಗಲವನ್ನೂ ನೋಡಿ. ಚಂದಕ್ಕೆ ಅಂತ ಮಾಡಿದ ಕೆಲವು ಚಿಕ್ಕ ಫ್ಲ್ಯಾಪ್‌ಗಳು ಟೈರಿನ ಅರ್ಧ ಅಗಲವನ್ನೂ ಮುಚ್ಚುವುದಿಲ್ಲ. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೋಡಿದಾಗ ಟೈರಿನ ಪಟ್ಟಿ ಪೂರ್ತಿ ಮರೆಯಾಗಿರಬೇಕು.

ಬದಿಯಡ್ಕ ವರ್ಕ್‌ಶಾಪ್

ಪೆರ್ಲದಣ್ಣ, ಮೊದಲು ಕಾರಿನ ಅಡಿ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಹಿಂದಿನ ಚಕ್ರದ ಗೂಡಿನ ಹಿಂಬದಿಯಲ್ಲಿ ಬಂಪರಿನ ಅಂಚು ಬಂದು ಸೇರುವ ಜಾಗ ಇದೆಯಲ್ಲ, ಅಲ್ಲಿ ಸಾಮಾನ್ಯವಾಗಿ ಒಂದು ಸ್ಕ್ರೂ ಅಥವಾ ಕ್ಲಿಪ್ ಇರುತ್ತದೆ. ಇನ್ನೊಂದೆರಡು ತೂತುಗಳಿಗೆ ಬಿರಡೆ ಹಾಕಿರುತ್ತಾರೆ, ಕೆಸರು ಮೆತ್ತಿ ಕಾಣುವುದಿಲ್ಲ. ನೀರು ಬಿಟ್ಟು, ಬ್ರಷ್ಷಿನಲ್ಲಿ ತಿಕ್ಕಿ, ಟಾರ್ಚ್ ಹಾಕಿ ಹುಡುಕಿ. ನಿಮ್ಮ ಮಾಡೆಲಿಗೇ ಮಾಡಿದ ಫ್ಲ್ಯಾಪ್ ತೆಗೆದುಕೊಂಡರೆ ಅದರ ತೂತುಗಳು ಇವಕ್ಕೇ ಬಂದು ಕೂರುತ್ತವೆ. ಡ್ರಿಲ್ ಬೇಕಾಗುವುದು ಹೆಚ್ಚಾಗಿ ಎಲ್ಲ ಕಾರಿಗೂ ಆಗುತ್ತದೆ ಅಂತ ಮಾರುವ ಫ್ಲ್ಯಾಪ್‌ಗೆ.

ತಗಡಿಗೆ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ (ತಾನೇ ಥ್ರೆಡ್ ಕೊರೆದುಕೊಂಡು ಹೋಗುವಂಥದ್ದು) ಹೊಡೆಸಲೇಬೇಡಿ ಅಂತ ನಾನು ಹೇಳುವುದು ಯಾಕೆ ಗೊತ್ತಾ? ಚಕ್ರದ ಗೂಡಿನ ಅಂಚಿನಲ್ಲಿ ಒಳಗಿನ ತಗಡು, ಹೊರಗಿನ ತಗಡು ಎರಡೂ ಸೇರಿ ಮಡಚಿಕೊಂಡಿರುತ್ತವೆ. ಸ್ಕ್ರೂ ಹೋದ ಕಡೆ ಪೇಂಟ್ ಹೋಯಿತು, ಪ್ರೈಮರ್ ಹೋಯಿತು, ಬರೀ ಕಬ್ಬಿಣ ಉಳಿಯಿತು. ಫ್ಲ್ಯಾಪ್‌ಗೂ ತಗಡಿಗೂ ನಡುವೆ ಕೆಂಪು ಮಣ್ಣು ಸೇರಿಕೊಂಡು ದಿನಗಟ್ಟಲೆ ಪಸೆ ಹಿಡಿದಿಟ್ಟುಕೊಳ್ಳುತ್ತದೆ. ಕುಂಬಳೆ, ಮಂಜೇಶ್ವರ ಕಡೆಯ ಕಾರುಗಳಾದರೆ ಸಮುದ್ರದ ಉಪ್ಪು ಗಾಳಿ ಬೇರೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ. ಹೊರಗೆ ಪೇಂಟಿನಲ್ಲಿ ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಸ್ಥಿತಿಯಲ್ಲಿರುತ್ತದೆ. ನೂರಿನ್ನೂರು ರೂಪಾಯಿಯ ಆಸೆಗೆ ಟಿಂಕರಿಂಗ್, ಪೇಂಟಿಂಗ್ ಖರ್ಚು ತಂದುಕೊಳ್ಳಬೇಡಿ.

ಇನ್ನೊಂದು ಅಪಾಯದ ಬಗ್ಗೆ ಯಾರೂ ಹೇಳುವುದಿಲ್ಲ. ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ಪೈಪ್ ಬಹಳ ಕಾರುಗಳಲ್ಲಿ ಹಿಂದಿನ ಚಕ್ರದ ಗೂಡಿನ ಪಕ್ಕದಲ್ಲೇ ಹೋಗುತ್ತದೆ. ಪಾರ್ಕಿಂಗ್ ಸೆನ್ಸರಿನ ವೈರು ಬಂಪರಿನ ಒಳಗೇ ಇರುತ್ತದೆ. ಆಚೆ ಏನಿದೆ ಅಂತ ನೋಡದೆ ಉದ್ದದ ಬಿಟ್ ಹಾಕಿ ಡ್ರಿಲ್ ಒತ್ತುವವರ ಕೈಗೆ ಕಾರು ಕೊಡಬೇಡಿ.

ನೀವೇ ಕೂರಿಸುವುದಾದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಗೇರ್ ಹಾಕಿ, ಮುಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಿ. ಚಕ್ರ ಬಿಚ್ಚದೆಯೂ ಆಗುತ್ತದೆ, ಆದರೆ ಬಿಚ್ಚಿದರೆ ಸ್ಕ್ರೂಡ್ರೈವರ್ ನೇರ ಹಿಡಿಯಲು ಜಾಗ ಸಿಗುತ್ತದೆ. ವೀಲ್ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿ ಕೊಡಿ. ಬರೀ ಜಾಕಿಯನ್ನು ನಂಬಿ ಗೂಡಿನೊಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಡಿ. ಹಳೆ ಸ್ಕ್ರೂ ಬಿಚ್ಚಿ ಫ್ಲ್ಯಾಪ್ ಹಿಡಿದು ಎಲ್ಲ ಸ್ಕ್ರೂಗಳನ್ನೂ ಕೈಯಲ್ಲೇ ಅರ್ಧರ್ಧ ತಿರುಗಿಸಿ. ಬಂಪರಿನ ಅಂಚಿಗೆ ಫ್ಲ್ಯಾಪ್ ಸರಿಯಾಗಿ ಅಂಟಿಕೊಂಡಿದೆ ಅಂತ ಖಾತ್ರಿಯಾದ ಮೇಲೆ ಬಿಗಿ ಮಾಡಿ. ಮೊದಲೇ ಒಂದನ್ನು ಪೂರ್ತಿ ಬಿಗಿದರೆ ಉಳಿದ ತೂತುಗಳು ಹೊಂದುವುದಿಲ್ಲ. ಪ್ಲಾಸ್ಟಿಕ್‌ಗೆ ಹೋಗುವ ಸ್ಕ್ರೂಗೆ ಜೋರು ಬೇಡ, ಮರೆ, ಅಂದರೆ ಥ್ರೆಡ್, ಹೋದರೆ ಮತ್ತೆ ಕಚ್ಚುವುದಿಲ್ಲ.

ಮಧೂರಿನ ಟೀಚರ್

ಚೆರ್ಕಳದವರು ಕಾರಿನವರಿಗೆ ಲಾಭ ಇಲ್ಲ ಅಂದರಲ್ಲ, ನನ್ನ ಅನುಭವ ಬೇರೆ. ನನ್ನ ಕಾರಿನಲ್ಲಿ ರಿವರ್ಸ್ ಸೆನ್ಸರ್ ಬಂಪರಿನಲ್ಲಿದೆ. ಕೆಸರು ಮೆತ್ತಿಕೊಂಡರೆ ಹಿಂದೆ ಏನೂ ಇಲ್ಲದಿದ್ದರೂ ಕೂಗುತ್ತದೆ, ಕೆಲವೊಮ್ಮೆ ಇದ್ದರೂ ಸುಮ್ನೆ ಇರುತ್ತದೆ. ಮಕ್ಕಳು ಓಡಾಡುವ ಶಾಲೆಯ ಅಂಗಳದಲ್ಲಿ ಇದು ಸಣ್ಣ ವಿಷಯ ಅಲ್ಲ. ಬಂಪರಿನ ಮೂಲೆಯ ಕೆಂಪು ರಿಫ್ಲೆಕ್ಟರ್ ಕೆಸರಿನಲ್ಲಿ ಮುಚ್ಚಿಹೋದರೆ ರಾತ್ರಿ ದಾರಿ ಬದಿಯಲ್ಲಿ ನಿಂತ ಕಾರು ಹಿಂದಿನವರಿಗೆ ಕಾಣುವುದೂ ಕಷ್ಟ. ಫ್ಲ್ಯಾಪ್ ಹಾಕಿಸಿದ ಮೇಲೆ ಎರಡೂ ತುಂಬಾ ಸುಧಾರಿಸಿತು. ಗಾಜಿನ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ, ಅದು ಹಾಗೇ ಇದೆ.

ಚೆರ್ಕಳ ರೋಡ್

ಸೆನ್ಸರಿನ ವಿಷಯ ಒಪ್ಪಿದೆ ಟೀಚರ್. ನನ್ನ ಕಾರಿನಲ್ಲಿ ಅದಿಲ್ಲ, ಹಾಗಾಗಿ ತಲೆಗೆ ಬರಲಿಲ್ಲ. ಒಂದು ಪ್ರಶ್ನೆ: ಇಲ್ಲಿ ಮೋಟಾರು ವಾಹನ ಇಲಾಖೆಯವರು ಮಾಡಿಫಿಕೇಶನ್ ವಿಷಯದಲ್ಲಿ ಕಟ್ಟುನಿಟ್ಟು. ಫ್ಲ್ಯಾಪ್ ಹಾಕಿದರೆ ತಕರಾರು ಬರುತ್ತದಾ?

ನೀರ್ಚಾಲು ಮೇಷ್ಟ್ರು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿ ಇರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸಬಾರದು ಅಂತ. ಕೆಸರು ತಡೆಯುವ ಮಾಮೂಲಿ ಫ್ಲ್ಯಾಪ್‌ನಿಂದ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಕಂಪೆನಿಗಳೇ ಆಕ್ಸೆಸರಿ ಅಂತ ಮಾರುತ್ತವೆ. ಅದು ಬಾಡಿಯ ಅಗಲ ಮೀರಿ ಹೊರಗೆ ಚಾಚಬಾರದು, ನಂಬರ್ ಪ್ಲೇಟ್, ಲೈಟು, ರಿಫ್ಲೆಕ್ಟರ್‌ಗೆ ಅಡ್ಡ ಬರಬಾರದು. ತುದಿಗೆ ಕಬ್ಬಿಣದ ಪಟ್ಟಿ ಹಾಕಿಸುವವರಿದ್ದಾರೆ, ಅದಂತೂ ಬೇಡವೇ ಬೇಡ. ಕಳಚಿ ಬಿದ್ದರೆ ಹಿಂದಿನವರಿಗೆ ಕಲ್ಲಿಗಿಂತ ದೊಡ್ಡ ಅಪಾಯ.

ಹೊಸಂಗಡಿ ಟ್ಯಾಕ್ಸಿ

ಉದ್ದ ಇದ್ದಷ್ಟೂ ಒಳ್ಳೆಯದು ಅಂತ ಲೆಕ್ಕ ನೋಡಿ ಹೊರಡಬೇಡಿ ಮಾರಾಯ್ರೆ. ಹಿಂದಿನ ಫ್ಲ್ಯಾಪ್ ಹರಿಯುವುದು ಮುಂದೆ ಹೋಗುವಾಗ ಅಲ್ಲ, ರಿವರ್ಸ್‌ನಲ್ಲಿ. ನಮ್ಮ ಕಡೆ ಮನೆಯ ಅಂಗಳ ರಸ್ತೆಗಿಂತ ಎತ್ತರ ಇರುತ್ತದೆ, ನಡುವೆ ಒಂದು ಸಿಮೆಂಟಿನ ಏರು ಅಥವಾ ಮುರಕಲ್ಲಿನ ಮೆಟ್ಟಿಲು. ಹಿಂದೆ ಹೋಗುವಾಗ ಫ್ಲ್ಯಾಪ್‌ನ ತುದಿ ಆ ಅಂಚಿಗೆ ತಾಗಿ ಟೈರಿನ ಕಡೆಗೆ ಮಡಚುತ್ತದೆ. ಟೈರು ಅದನ್ನು ಕಲ್ಲಿಗೆ ಒತ್ತಿ ಹಿಡಿದು ಮೇಲೆ ಹತ್ತುತ್ತದೆ. ಚಕ್ರ ಇನ್ನೂ ತಿರುಗಿದ ಹಾಗೆ ಫ್ಲ್ಯಾಪ್ ಕೆಳಕ್ಕೆ ಎಳೆದುಕೊಂಡು ಬರುತ್ತದೆ. ಫ್ಲ್ಯಾಪ್ ಗಟ್ಟಿ ಇದ್ದು ಸ್ಕ್ರೂನೂ ಗಟ್ಟಿ ಇದ್ದರೆ ಬಂಪರಿನ ಮೂಲೆಯೇ ಕ್ಲಿಪ್ ಸಮೇತ ಕಿತ್ತು ಬರುತ್ತದೆ. ಬಾಡಿಗೆ ಓಡಿಸುವ ನಮ್ಮ ಸ್ಟ್ಯಾಂಡಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ.

ಅದಕ್ಕೇ ಮೆತ್ತನೆಯ ಫ್ಲ್ಯಾಪ್ ತೆಗೆದುಕೊಳ್ಳಿ. ಕೈಯಲ್ಲಿ ಪೂರ್ತಿ ಮಡಚಿ ಬಿಟ್ಟರೆ ಬಿಳಿ ಗೆರೆ ಬೀಳದೆ ವಾಪಸ್ ನೆಟ್ಟಗಾಗಬೇಕು. ಗೆರೆ ಬಿದ್ದರೆ ಅದು ಗಡಸು ಪ್ಲಾಸ್ಟಿಕ್, ಒಂದೇ ಪೆಟ್ಟಿಗೆ ಸೀಳುತ್ತದೆ. ಮೆಟ್ಟಿಲಿನ ಮೇಲೆ ರಿವರ್ಸ್ ಹತ್ತಿಸುವ ಜಾಗ ಇದ್ದರೆ ಅಲ್ಲಿಗೆ ಸ್ವಲ್ಪ ಸಿಮೆಂಟ್ ಹಾಕಿ ಇಳಿಜಾರು ಮಾಡಿಸಿ.

ಮುಳ್ಳೇರಿಯ ಗುಡ್ಡೆಮನೆ

ಅಡಿಕೆ ಗೋಣಿಯ ವಿಷಯ ನಾನು ಹೇಳುತ್ತೇನೆ, ನಮ್ಮದೂ ಅದೇ ಕಥೆ. ಡಿಕ್ಕಿಯಲ್ಲಿ ಎರಡು ಗೋಣಿ, ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ಕಾರಿನ ಹಿಂಭಾಗ ಎಷ್ಟು ಕುಗ್ಗುತ್ತದೆ ಅಂತ ಅಳೆದು ನೋಡಿ. ಎತ್ತರವನ್ನು ಖಾಲಿ ಕಾರಿನಲ್ಲಿ ಅಳೆದು ಕತ್ತರಿಸಿದರೆ ಲೋಡಿನಲ್ಲಿ ನೆಲ ಗುಡಿಸುತ್ತದೆ. ನಾನು ಲೋಡ್ ಹಾಕಿ ನೆಲದಿಂದ 10 ಸೆಂ.ಮೀ. ಬಿಟ್ಟಿದ್ದೇನೆ. ಖಾಲಿ ಇರುವಾಗ ಅದು ಮೇಷ್ಟ್ರು ಹೇಳಿದ ಎರಡು ಎತ್ತರಗಳ ನಡುವೆ ಬರುತ್ತದೆ. ದಾರಿಯ ನಡುವೆ ಹುಲ್ಲು ಬೆಳೆದು ಎರಡು ಬದಿ ಚಕ್ರದ ಗುಂಡಿ ಬಿದ್ದಿದ್ದರೆ ಹೆದರಬೇಡಿ, ಫ್ಲ್ಯಾಪ್ ಚಕ್ರದ ಗುಂಡಿಯಲ್ಲೇ ಬರುತ್ತದೆ, ನಡುವಿನ ದಿಬ್ಬಕ್ಕೆ ತಾಗುವುದಿಲ್ಲ.

ಒಂದು ಕೇಳುವುದಿತ್ತು. ಹಳೆಯ ಲಾರಿಯ ರಬ್ಬರ್ ಫ್ಲ್ಯಾಪ್ ಮನೆಯಲ್ಲಿ ಬಿದ್ದಿದೆ. ಕತ್ತರಿಸಿ ಕಾರಿಗೆ ಹಾಕಬಹುದಾ?

ಬದಿಯಡ್ಕ ವರ್ಕ್‌ಶಾಪ್

ಬೇಡ. ಅದರ ತೂಕ ಜಾಸ್ತಿ. ಲಾರಿಯಲ್ಲಿ ಅದು ಕಬ್ಬಿಣದ ಬ್ರಾಕೆಟ್ಟಿಗೆ ತೂಗುತ್ತದೆ, ಕಾರಿನಲ್ಲಿ ಬಂಪರಿನ ಪ್ಲಾಸ್ಟಿಕ್ ಅಂಚಿಗೆ. ಮಣ್ಣು ದಾರಿಯಲ್ಲಿ ಕುಲುಕುವಾಗ ಆ ಭಾರಕ್ಕೆ ಅಂಚು ಸೀಳುತ್ತದೆ. ಮೂರು ನಾಲ್ಕು ಮಿ.ಮೀ. ದಪ್ಪದ ಮೆತ್ತನೆ ಹಾಳೆ ಕಾರಿಗೆ ಧಾರಾಳ.

ಪೆರ್ಲದ ತೋಟದವ

ಎಲ್ಲರಿಗೂ ತುಂಬಾ ಧನ್ಯವಾದ. ಗೂಡು ತೊಳೆದು ನೋಡಿದೆ. ಎರಡೂ ಬದಿಯಲ್ಲಿ ಬಂಪರಿನ ಸ್ಕ್ರೂ ಇದೆ, ಅದರ ಮೇಲೆ ಕಪ್ಪು ಬಿರಡೆ ಹಾಕಿದ ತೂತು ಇದೆ. ಆದರೆ ಎಡಬದಿಯ ತಗಡಿನ ಅಂಚಿನಲ್ಲಿ ಯಾರೋ ಹಿಂದೆ ಸ್ಕ್ರೂ ಹೊಡೆದು ತೆಗೆದ ಎರಡು ತೂತು ಕೂಡ ಇದೆ. ಸುತ್ತ ಕಂದು ಉಂಗುರ. ಉಗುರಲ್ಲಿ ಕೆರೆದರೆ ಪದರ ಏಳುತ್ತದೆ. ಇದನ್ನು ಏನು ಮಾಡಲಿ?

ಬದಿಯಡ್ಕ ವರ್ಕ್‌ಶಾಪ್

ಫ್ಲ್ಯಾಪ್ ಹಾಕುವ ಮೊದಲು ಅದನ್ನು ಮುಗಿಸಿ. ಮಳೆ ಶುರುವಾದರೆ ಒಣಗಿಸಲು ಆಗುವುದಿಲ್ಲ. ವೈರ್ ಬ್ರಷ್, ಆಮೇಲೆ ಸ್ಯಾಂಡ್ ಪೇಪರ್ ಹಾಕಿ ಹೊಳೆಯುವ ತಗಡು ಬರುವವರೆಗೆ ಉಜ್ಜಿ. ಸ್ಕ್ರೂಡ್ರೈವರ್ ತುದಿಯಲ್ಲಿ ಸುತ್ತ ಒತ್ತಿ ನೋಡಿ. ಒಳಗೆ ಇಳಿದರೆ ತಗಡು ಹೋಗಿದೆ, ವೆಲ್ಡಿಂಗ್ ಕೆಲಸ, ಕಾರು ತನ್ನಿ. ಗಟ್ಟಿ ಇದ್ದರೆ ತಿನ್ನರ್‌ನಲ್ಲಿ ಒರೆಸಿ, ತುಕ್ಕು ತಡೆಯುವ ಪ್ರೈಮರ್ ಎರಡು ಕೋಟ್ ಕೊಡಿ. ತೂತಿನ ಒಳ ಅಂಚಿಗೆ ಸಣ್ಣ ಬ್ರಷ್ಷಿನಲ್ಲಿ ಹಚ್ಚಿ, ಸ್ಪ್ರೇ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ. ಮೇಲೆ ಪೇಂಟ್, ಪೇಂಟ್ ಒಣಗಿದ ಮೇಲೆ ತೂತಿಗೆ ರಬ್ಬರ್ ಬಿರಡೆ, ಅದರ ಮೇಲೆ ಅಂಡರ್‌ಕೋಟಿಂಗ್ (ಕಾರಿನ ಅಡಿಗೆ ಹಚ್ಚುವ ರಕ್ಷಣೆಯ ಲೇಪ). ಆ ತೂತುಗಳನ್ನು ಮತ್ತೆ ಬಳಸಬೇಡಿ. ಕಂಪೆನಿಯ ತೂತು ನಿಮಗೆ ಸಿಕ್ಕಿದೆಯಲ್ಲ.

ಪೆರ್ಲದ ತೋಟದವ

ಭಾನುವಾರ ಎಲ್ಲ ಮುಗಿಸಿದೆ. ತುಕ್ಕಿನ ಜಾಗ ಪುಣ್ಯಕ್ಕೆ ಗಟ್ಟಿ ಇತ್ತು. ಮಾಡೆಲಿನ ಫ್ಲ್ಯಾಪ್ ಕಾಸರಗೋಡಿನಲ್ಲಿ ಸಿಕ್ಕಿತು. ಹೊಸಂಗಡಿಯಣ್ಣ ಹೇಳಿದ ಹಾಗೆ ಅಂಗಡಿಯಲ್ಲೇ ಮಡಚಿ ನೋಡಿ ತಂದೆ.

ಜಾಸ್ತಿ ಹೊತ್ತು ಹಿಡಿದದ್ದು ಬಲಬದಿಯ ಹಳೆ ಸ್ಕ್ರೂ. ತಲೆಯ ನಕ್ಷತ್ರದ ಗುಳಿಯೊಳಗೆ ಕೆಂಪು ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಬಿಟ್ ಒಳಗೆ ಕೂರುತ್ತಲೇ ಇರಲಿಲ್ಲ. ದಬ್ಬಣದಲ್ಲಿ ಅಷ್ಟಷ್ಟೇ ಕೆರೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಅರ್ಧ ಗಂಟೆ ಬಿಟ್ಟು, ಬಿಟ್ಟಿನ ಹಿಂಬದಿಗೆ ಸುತ್ತಿಗೆಯಲ್ಲಿ ಎರಡು ಮೆಲ್ಲನೆ ಏಟು ಕೊಟ್ಟ ಮೇಲೆ ಅಲುಗಾಡಿತು. ಹೊಸ ಸ್ಕ್ರೂ ಹಾಕುವಾಗ ಮರೆಗೆ ಗ್ರೀಸ್ ಹಚ್ಚಿದ್ದೇನೆ. ಲೋಡಿನಲ್ಲಿ ಅಳೆದೆ, ತುದಿ ನೆಲದಿಂದ 11 ಸೆಂ.ಮೀ. ಬಂತು. ಟೈರಿಗೂ ಫ್ಲ್ಯಾಪ್‌ಗೂ ಮಧ್ಯೆ ಎರಡು ಬೆರಳು ಆರಾಮಾಗಿ ಹೋಗುತ್ತದೆ.

ಉಪ್ಪಳದ ಬೈಕ್ ಸವಾರ

ಪೆರ್ಲದಣ್ಣ, ನಿಮ್ಮ ಹಿಂದೆ ಬರುವ ಎಲ್ಲ ಬೈಕಿನವರ ಪರವಾಗಿ ನನ್ನ ನಮಸ್ಕಾರ.

ಚೆರ್ಕಳ ರೋಡ್

ನಾನೂ ಹಾಕಿಸುತ್ತೇನೆ. ನನ್ನ ಕಾರಿನಲ್ಲಿ ಸ್ಕ್ರೂ ಇಲ್ಲ, ಬರೀ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್. ತೆಗೆಯಲು ಹೋದಾಗ ಒಂದು ಮುರಿಯಿತು. ಯಾವುದಾದರೂ ಕ್ಲಿಪ್ ಹಾಕಿದರೆ ಆಗುತ್ತದಾ?

ಬದಿಯಡ್ಕ ವರ್ಕ್‌ಶಾಪ್

ಅಳತೆ ಸರಿ ಇರಬೇಕು. ತೂತಿನ ವ್ಯಾಸ ನೋಡಿ, ಆಮೇಲೆ ಕ್ಲಿಪ್ಪಿನ ಕಾಲು ಎಷ್ಟು ಉದ್ದ ಅಂತ ನೋಡಿ. ಫ್ಲ್ಯಾಪ್ ಸೇರಿದಾಗ ದಪ್ಪ ಹೆಚ್ಚುತ್ತದೆ, ಹಾಗಾಗಿ ಹಳೆಯದಕ್ಕಿಂತ ಉದ್ದ ಕಾಲಿನದು ಬೇಕಾಗಬಹುದು. ಮುರಿದ ಕ್ಲಿಪ್ಪನ್ನೂ ಫ್ಲ್ಯಾಪನ್ನೂ ಸ್ಪೇರ್ ಪಾರ್ಟ್ಸ್ ಅಂಗಡಿಗೆ ತೆಗೆದುಕೊಂಡು ಹೋಗಿ, ಬಿಡಿಯಾಗಿ ಸಿಗುತ್ತದೆ. ನಾಲ್ಕು ಜಾಸ್ತಿ ತನ್ನಿ. ತೆಗೆಯುವಾಗ ನಡುವಿನ ಪಿನ್ನನ್ನು ಮೊದಲು ಎತ್ತಬೇಕು, ಆಮೇಲೆ ಇಡೀ ಕ್ಲಿಪ್ಪನ್ನು. ಹಾಕಿ ನಾಲ್ಕು ದಿನ ಮಣ್ಣು ದಾರಿಯಲ್ಲಿ ಓಡಿಸಿದ ಮೇಲೆ ಒಮ್ಮೆ ಕೈಯಲ್ಲಿ ಎಳೆದು ನೋಡಿ. ಪಿನ್ ಮೇಲೆ ಬಂದಿದ್ದರೆ ಒತ್ತಿ ಕೂರಿಸಿ. ಚಕ್ರ ಬಿಚ್ಚಿದ್ದರೆ ವೀಲ್ ನಟ್ಟುಗಳನ್ನೂ ಅದೇ ಹೊತ್ತಿಗೆ ಇನ್ನೊಮ್ಮೆ ಬಿಗಿ ನೋಡಿಬಿಡಿ.